ಸ್ಕೀಯಿಂಗ್‌ ಮಾಡುವಾಗ ಉದ್ದ ಕೂದಲು ಸಿಕ್ಕಾಗುತ್ತಿದ್ದರೆ: ಗಂಟಿನ ಜಾಗ ನೋಡಿ ಕಾರಣ ಹುಡುಕುವ ಕೈಪಿಡಿ

ಬೆನ್ನಿನ ಕೆಳಗೆ ಇಳಿಯುವಷ್ಟು ಉದ್ದ ಕೂದಲಿರುವವರು ಹಿಮದ ಇಳಿಜಾರಿನಲ್ಲಿ ಒಂದು ದಿನ ಕಳೆದು, ಸಂಜೆ ಕೋಣೆಗೆ ಬಂದು ಹೆಲ್ಮೆಟ್‌ ತೆಗೆದಾಗ, ಬಾಚಣಿಗೆ ಒಳಗೇ ಇಳಿಯದಂತೆ ಕೂದಲು ಗಂಟುಕಟ್ಟಿರುವುದು ತೀರ ಸಾಮಾನ್ಯ. ಬೆಂಗಳೂರಿನಿಂದ ಮೊದಲ ಸಲ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಹೋಗುವವರಿಗೂ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಚಳಿಗಾಲದಲ್ಲಿ ಲೇಕ್‌ ಟಾಹೋ ಕಡೆಗೆ ಹೋಗುವ ಕನ್ನಡಿಗರಿಗೂ ಈ ತೊಂದರೆ ಒಂದೇ. ಹೆಚ್ಚಿನವರು ಇದಕ್ಕೆ ಗಾಳಿಯೇ ಕಾರಣವೆಂದು ತೀರ್ಮಾನಿಸಿ ದುಬಾರಿ ಸೀರಮ್‌, ಸ್ಪ್ರೇಗಳನ್ನು ಕೊಳ್ಳುತ್ತಾರೆ. ಗಾಳಿ ಒಂದು ಕಾರಣ ಹೌದು, ಆದರೆ ಅತಿ ಕೆಟ್ಟ ಗಂಟುಗಳು ಬೀಳುವುದು ಗಾಳಿ ತಾಕದ ಜಾಗದಲ್ಲಿ, ಅಂದರೆ ಹೆಲ್ಮೆಟ್ಟಿನ ಹಿಂಬದಿಯ ಅಂಚಿಗೂ ಜಾಕೆಟ್ಟಿನ ಕಾಲರಿಗೂ ನಡುವೆ. ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ಗಂಟು ಎಲ್ಲಿ ಬಿದ್ದಿದೆ ಎಂದು ನೋಡಬೇಕು. ಜಾಗ ಗೊತ್ತಾದರೆ ಕಾರಣ ಬಹುಮಟ್ಟಿಗೆ ಗೊತ್ತಾದಂತೆಯೇ, ಮತ್ತು ಬಹಳಷ್ಟು ಕಾರಣಗಳಿಗೆ ಹಣ ಖರ್ಚಿಲ್ಲದ ಪರಿಹಾರವಿದೆ. ಉದ್ದ ಕೂದಲು ಬಿಡುವ ಗಂಡಸರಿಗೂ ಇಲ್ಲಿ ಹೇಳಿರುವುದೆಲ್ಲ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮೊದಲು: ಲಿಫ್ಟಿನ ಬಳಿ ಬಿಚ್ಚುಕೂದಲು ಬೇಡ

ಸಿಕ್ಕು ಬಿಡಿಸಲು ಒಂದು ಗಂಟೆ ಹಿಡಿದರೂ ಅದರಿಂದ ಅಪಾಯವಿಲ್ಲ. ಸ್ಕೀ ಮಾಡುವವರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನ ಚಲಿಸುವ ಹಗ್ಗಕ್ಕೆ, ಚೇರ್‌ಲಿಫ್ಟಿನ ಕಂಬಿಗೆ ಅಥವಾ ಎಳೆದೊಯ್ಯುವ ಲಿಫ್ಟಿನ ಹಿಡಿಕೆಗೆ ಕೂದಲು ಸುತ್ತಿಕೊಂಡರೆ ಅಪಾಯವಿದೆ. ನೆಲದ ಮೇಲೆಯೇ ಎಳೆಯುವ ಹಗ್ಗದ ಲಿಫ್ಟುಗಳಲ್ಲಿ ಹಗ್ಗವು ಕೈಗೂ ಭುಜಕ್ಕೂ ಹತ್ತಿರವೇ ಓಡುತ್ತಿರುವುದರಿಂದ, ಮುಂದೆ ಇಳಿಬಿದ್ದ ಜಡೆ, ಶಾಲು, ಬೆನ್ನುಚೀಲದ ಸಡಿಲ ಪಟ್ಟಿ ಇವೆಲ್ಲ ಸುತ್ತಿಕೊಳ್ಳುವ ಸಾಧ್ಯತೆ ಹೆಚ್ಚು. ಆರಂಭಿಕರು ಕಲಿಯುವುದು ಇಂಥ ಲಿಫ್ಟುಗಳಲ್ಲೇ ಆದ್ದರಿಂದ ಈ ಎಚ್ಚರಿಕೆ ಮೊದಲ ದಿನವೇ ಬೇಕು. ಸಾಲಿನಲ್ಲಿ ನಿಲ್ಲುವ ಮೊದಲು ಜಡೆಯನ್ನು ಜಾಕೆಟ್ಟಿನ ಒಳಗೆ ಸೇರಿಸಿ ಜಿಪ್‌ ಮೇಲೆಳೆಯಬೇಕು.

ಕೂದಲು ಸಿಲುಕಿದ್ದು ಗೊತ್ತಾದ ಕ್ಷಣ ಲಿಫ್ಟ್‌ ನಡೆಸುವವರಿಗೆ ಕೇಳುವಂತೆ ಕೂಗಬೇಕು, ಜೊತೆಯಲ್ಲಿರುವವರೂ ಕೂಗಬೇಕು. ಲಿಫ್ಟು ಪೂರ್ತಿ ನಿಲ್ಲುವವರೆಗೆ ಬಿಡಿಸಲು ಕೈ ಹಾಕಬಾರದು, ಬೆರಳು ಒಳಗೆ ಹೋಗುತ್ತದೆ. ಚೇರ್‌ಲಿಫ್ಟಿನಲ್ಲಿ ಕೂತಿರುವಾಗ ಗಾಬರಿಯಿಂದ ಕೆಳಗೆ ಹಾರಲೇಬಾರದು.

ಕೂದಲು ಸಿಕ್ಕಾಗುವ ಬಗೆ

ಉದುರಿದ ಒಂದು ಕೂದಲನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯ ಕಡೆಗೆ ಬೆರಳಾಡಿಸಿದರೆ ನುಣುಪಾಗಿ ಜಾರುತ್ತದೆ. ತುದಿಯಿಂದ ಬುಡದ ಕಡೆಗೆ ಬೆರಳಾಡಿಸಿದರೆ ಸಣ್ಣಗೆ ತಡೆಯುತ್ತದೆ. ಕೂದಲಿನ ಹೊರಪದರ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದ್ದುಕೊಂಡ ಚಕ್ಕೆಗಳಿಂದ ಆಗಿದ್ದು, ಆ ಚಕ್ಕೆಗಳ ಅಂಚು ತುದಿಯ ಕಡೆಗೆ ಇರುವುದರಿಂದ ಹೀಗಾಗುತ್ತದೆ. ಅಕ್ಕಪಕ್ಕದ ಕೂದಲುಗಳು ವಿರುದ್ಧ ದಿಕ್ಕಿಗೆ ಸರಿದಾಡಿದಾಗ ಈ ಅಂಚುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಿಡಿದ ಜಾಗದಲ್ಲಿ ಇನ್ನೊಂದು ಕೂದಲು ಸುತ್ತಿಕೊಂಡರೆ ಗಂಟು ಶುರುವಾಯಿತು. ಬಿಸಿಲು, ಬಣ್ಣ, ಪದೇಪದೇ ಬಿಸಿ ಕೊಟ್ಟು ನೇರ ಮಾಡುವುದು ಇವುಗಳಿಂದ ಚಕ್ಕೆಗಳು ಎದ್ದ ಕೂದಲಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ತೇವ ಸೇರಿದರೆ ಕೂದಲು ಉಬ್ಬುತ್ತದೆ, ಹೆಚ್ಚು ಹಿಗ್ಗುತ್ತದೆ, ಗಂಟು ಬಿಗಿಯಾಗುತ್ತದೆ.

ಇದರ ಜೊತೆಗೆ, ಯಾರೂ ಗಮನಿಸದ ಒಂದು ಕಾರಣವಿದೆ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಕೂದಲು ಬಿಚ್ಚಿದ್ದರೆ ಅವು ನೆಲಕ್ಕೆ ಬೀಳುತ್ತವೆ. ಇಡೀ ದಿನ ಜಡೆ ಹಾಕಿ ಹೆಲ್ಮೆಟ್ಟಿನ ಅಡಿ ಇಟ್ಟರೆ ಅಲ್ಲೇ ಉಳಿದು, ಬುಡದ ಹಿಡಿತವಿಲ್ಲದ ಕಾರಣ ಬೇಕಾದ ಕಡೆಗೆ ಸರಿದಾಡಿ, ಉಳಿದ ಕೂದಲನ್ನು ಸುತ್ತಿಕೊಳ್ಳುತ್ತವೆ. ಬೆಳಿಗ್ಗೆ ಜಡೆ ಹಾಕುವ ಮುನ್ನ ಸಾವಧಾನವಾಗಿ ಬುಡದಿಂದ ತುದಿಯವರೆಗೆ ಬಾಚಿ ಉದುರಿದ್ದನ್ನೆಲ್ಲ ತೆಗೆದುಹಾಕುವುದೇ ಅತ್ಯಂತ ಅಗ್ಗದ ತಡೆ. ಲಿಫ್ಟು ತೆರೆಯುವ ಹೊತ್ತಿಗೆ ಓಡುವ ಆತುರದಲ್ಲಿ ಎಲ್ಲರೂ ಬಿಡುವುದು ಇದನ್ನೇ.

ಜಡೆ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆ

ಸಂಜೆ ಹೆಲ್ಮೆಟ್‌ ತೆಗೆದ ಕೂಡಲೇ ಬಾಚಣಿಗೆ ಹಿಡಿಯಬೇಡಿ. ಎರಡೂ ಕೈಗಳಿಂದ ನೆತ್ತಿ, ಕಿವಿಯ ಹಿಂದೆ, ಕತ್ತಿನ ಹಿಂಭಾಗ, ಜಡೆಯ ಮಧ್ಯ, ತುದಿ ಎಂದು ಕ್ರಮವಾಗಿ ಮುಟ್ಟಿ ನೋಡಿ. ಗಟ್ಟಿಯಾಗಿ ತಾಗುವ ಜಾಗವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಇಲ್ಲವೇ ಜೊತೆಗಿರುವವರಿಗೆ ನೋಡಲು ಹೇಳಿ. ಬಳಿಕ ಗಂಟಿನ ಒಳಗೆ ಸಿಕ್ಕಿರುವ ನೂಲು, ಜುಂಗನ್ನು ಬೆಳಕಿಗೆ ಹಿಡಿದು ನೋಡಿ. ಕುತ್ತಿಗೆ ಬೆಚ್ಚಗಿಡಲು ಹಾಕುವ ನೆಕ್‌ ವಾರ್ಮರ್‌ ಕೆಂಪು, ಜಾಕೆಟ್ಟಿನ ಕಾಲರಿನ ಒಳಪದರ ಕಪ್ಪು ಎಂದಿಟ್ಟುಕೊಳ್ಳೋಣ. ಗಂಟಿನೊಳಗೆ ಕೆಂಪು ಜುಂಗು ಕಂಡರೆ ತಪ್ಪು ಯಾವ ಬಟ್ಟೆಯದೆಂದು ಅಲ್ಲೇ ತಿಳಿಯುತ್ತದೆ. ಬಣ್ಣದ ಈ ಸುಳಿವು ಬಾಚಿದ ಮೇಲೆ ಸಿಗುವುದಿಲ್ಲ.

ಲಕ್ಷಣ: ಕತ್ತಿನ ಹಿಂಭಾಗದಲ್ಲಿ ದಪ್ಪ, ಚಪ್ಪಟೆಯಾದ ಗಂಟು

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದೂ ಬಿಡಿಸಲು ಎಲ್ಲಕ್ಕಿಂತ ಕಷ್ಟವಾಗುವುದೂ ಇದೇ. ಸ್ಕೀ ಮಾಡುವಾಗ ತಿರುವಿಗೊಮ್ಮೆ, ಬೇರೆಯವರು ಬರುತ್ತಿದ್ದಾರೆಯೇ ಎಂದು ನೋಡಲು ಒಮ್ಮೆ, ಹೀಗೆ ತಲೆ ದಿನವಿಡೀ ಎಡಕ್ಕೂ ಬಲಕ್ಕೂ ತಿರುಗುತ್ತಿರುತ್ತದೆ. ಹೆಲ್ಮೆಟ್ಟಿನ ಕೆಳ ಅಂಚು ತಲೆಯೊಂದಿಗೆ ತಿರುಗುತ್ತದೆ, ಕಾಲರು ಭುಜದೊಂದಿಗೆ ನಿಂತಿರುತ್ತದೆ, ಅವೆರಡರ ನಡುವಿನ ಕೂದಲು ಉಜ್ಜಿಸಿಕೊಳ್ಳುತ್ತದೆ. ಅಲ್ಲಿ ಉಸಿರಿನ ತೇವವೂ ಬೆವರೂ ಸೇರುತ್ತವೆ. ಫ್ಲೀಸ್‌ ಅಥವಾ ಉಣ್ಣೆಯ ಜುಂಗುಬಟ್ಟೆ ಇದ್ದರೆ ಕೆಲಸ ಪೂರ್ತಿಯಾಯಿತು.

ಮೊದಲು ಖರ್ಚಿಲ್ಲದ ಪರಿಶೀಲನೆ. ಕೋಣೆಯಲ್ಲೇ ಥರ್ಮಲ್‌ (ಬೆಚ್ಚನೆಯ ಒಳ ಉಡುಪು), ನೆಕ್‌ ವಾರ್ಮರ್‌, ಜಾಕೆಟ್‌, ಹೆಲ್ಮೆಟ್‌ ಎಲ್ಲವನ್ನೂ ಧರಿಸಿ ಕೆಲವು ನಿಮಿಷ ತಲೆಯನ್ನು ಎರಡೂ ಕಡೆಗೆ ತಿರುಗಿಸಿ, ನಂತರ ಕತ್ತಿನ ಹಿಂದೆ ಕೈಯಾಡಿಸಿ. ಆಗಲೇ ಕೂದಲು ಕೆದರಿದ್ದರೆ ನೆಕ್‌ ವಾರ್ಮರ್‌ ತೆಗೆದು ಮತ್ತೊಮ್ಮೆ ಮಾಡಿ. ವ್ಯತ್ಯಾಸ ಕಂಡರೆ ಬಟ್ಟೆ ಬದಲಿಸಬೇಕು. ಕಾಣದಿದ್ದರೆ ಜಡೆ ಶುರುವಾಗುವ ಜಾಗ ಬದಲಿಸಬೇಕು.

ಬಟ್ಟೆ ಬದಲಿಸುವುದೆಂದರೆ ಹೊಸದನ್ನು ಕೊಳ್ಳುವುದೆಂದಲ್ಲ. ಮನೆಯಲ್ಲಿರುವ ತೆಳು ರೇಷ್ಮೆಯ ಕರ್ಚೀಫನ್ನು ಕರ್ಣಕ್ಕೆ ಮಡಿಸಿ ಕೂದಲಿಗೂ ನೆಕ್‌ ವಾರ್ಮರಿಗೂ ನಡುವೆ ಬರುವಂತೆ ಕಟ್ಟಿದರೆ ಸಾಕು. ರೇಷ್ಮೆ ಸೀರೆಯ ಜೊತೆ ಬಂದು ಹೊಲಿಸದೆ ಉಳಿದ ರವಿಕೆ ಕಣದ ಜರಿಯಿಲ್ಲದ ಭಾಗವೂ ಆದೀತು; ಜರಿ ಮಾತ್ರ ಬೇಡ, ಅದು ಕೂದಲನ್ನು ಹಿಡಿಯುತ್ತದೆ. ಗಂಟನ್ನು ಗಲ್ಲದ ಕೆಳಗೆ ಸಣ್ಣದಾಗಿ ಹಾಕಿ, ತುದಿಗಳನ್ನು ಥರ್ಮಲ್ಲಿನ ಒಳಗೆ ಸೇರಿಸಬೇಕು. ಕುತ್ತಿಗೆ ಬಿಗಿಯಬಾರದು, ಹೊರಗೆ ತೂಗಾಡುವ ತುದಿ ಲಿಫ್ಟಿಗೆ ಸಿಲುಕೀತು.

ಜಡೆಯ ವಿಷಯಕ್ಕೆ ಬಂದರೆ, ನನ್ನ ಮಟ್ಟಿಗೆ ಉತ್ತರ ಒಂದೇ: ನಡು ಬೈತಲೆ ತೆಗೆದು, ಕಿವಿಯ ಹಿಂದೆ ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ ಶುರುವಾಗುವ ಎರಡು ಜಡೆ. ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳು ಹಾಕಿಕೊಂಡು ಹೋಗುತ್ತಿದ್ದ ಅದೇ ಎರಡು ಜಡೆ, ಆದರೆ ಮೇಲಕ್ಕೆ ಮಡಿಸಿ ಟೇಪು ಕಟ್ಟದೆ ನೇರವಾಗಿ ಬಿಡಬೇಕು, ಏಕೆಂದರೆ ಮಡಿಸಿದ ಕುಣಿಕೆ ಹೊರಗಿದ್ದರೆ ಕೊಕ್ಕೆಗೆ ಸಿಲುಕುತ್ತದೆ. ಒಂದೇ ಜಡೆ ಕತ್ತಿನ ನಟ್ಟನಡುವೆ, ಅಂದರೆ ಉಜ್ಜಾಟ ಅತಿ ಹೆಚ್ಚಿರುವ ಕಡೆಯೇ ಕೂರುತ್ತದೆ. ಎರಡು ಜಡೆಗಳು ಕತ್ತಿನ ಪಕ್ಕದಿಂದ ಮುಂದೆ ಬಂದು ಜಾಕೆಟ್ಟಿನ ಒಳಗೆ ಎದೆಯ ಮೇಲೆ ಇಳಿಯುತ್ತವೆ. ಅಲ್ಲಿ ಉಜ್ಜಾಟವಿಲ್ಲ, ಬೆನ್ನುಚೀಲದ ಒತ್ತಡವೂ ಇಲ್ಲ.

ಧರಿಸುವ ಕ್ರಮವೂ ಮುಖ್ಯ. ಥರ್ಮಲ್‌ ಹಾಕಿ, ನೆಕ್‌ ವಾರ್ಮರನ್ನು ಆಗಲೇ ಕುತ್ತಿಗೆಗೆ ಇಳಿಸಿಕೊಂಡು, ಜಡೆಗಳನ್ನು ಅದರ ಮೇಲೆ ಮುಂದಕ್ಕೆ ತಂದು, ಆಮೇಲೆ ನುಣುಪು ಒಳಪದರವಿರುವ ಜಾಕೆಟ್‌ ಹಾಕಿ ಜಿಪ್‌ ಅರ್ಧ ಎಳೆದು, ಕರ್ಚೀಫು ಮತ್ತು ನೆಕ್‌ ವಾರ್ಮರ್‌ ಸರಿಪಡಿಸಿ, ಕೊನೆಗೆ ಹೆಲ್ಮೆಟ್‌ ಹಾಕಬೇಕು. ನೆಕ್‌ ವಾರ್ಮರನ್ನು ಕೊನೆಯಲ್ಲಿ ತಲೆಯ ಮೇಲಿಂದ ಎಳೆದರೆ ಅಷ್ಟು ಹೊತ್ತು ನೀಟಾಗಿದ್ದ ಕೂದಲೆಲ್ಲ ಮೇಲಕ್ಕೆ ಉಜ್ಜಿ ಏಳುತ್ತದೆ.

ಕರಿಮಣಿ ಸರ ಅಥವಾ ಚಿನ್ನದ ಸರ ಹಾಕಿಕೊಳ್ಳುವವರು ಇನ್ನೊಂದನ್ನು ನೋಡಬೇಕು. ಗಂಟು ಚಪ್ಪಟೆಯಾಗಿರದೆ ಒಂದೇ ಬಿಂದುವಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದರೆ ಸರದ ಕೊಂಡಿಯೇ ಅದಕ್ಕೆ ಕಾರಣ. ಸರವನ್ನು ಥರ್ಮಲ್ಲಿನ ಒಳಗೆ, ಮೈಗೆ ತಾಗುವಂತೆ ಹಾಕಿದರೆ ಕೊಂಡಿಗೂ ಕೂದಲಿಗೂ ನಡುವೆ ಬಟ್ಟೆ ಬರುತ್ತದೆ. ಜುಮುಕಿ, ತೂಗುವ ಓಲೆಗಳನ್ನು ಕೋಣೆಯಲ್ಲೇ ತೆಗೆದಿಡುವುದು ಒಳ್ಳೆಯದು, ಏಕೆಂದರೆ ಹೆಲ್ಮೆಟ್ಟಿನ ಕಿವಿಪಟ್ಟಿ ಅವುಗಳನ್ನು ಕತ್ತಿಗೆ ಒತ್ತುತ್ತದೆ ಮತ್ತು ಬಿದ್ದಾಗ ಗಾಯವಾಗುತ್ತದೆ.

ಲಕ್ಷಣ: ಜಡೆಯ ತುದಿ ಪೊರಕೆಯಾಗಿದೆ, ಅಥವಾ ತುದಿಯಲ್ಲಿ ಹಿಮದ ಹರಳು ಕಟ್ಟಿದೆ

ಇದು ನಿಜವಾಗಿಯೂ ಗಾಳಿಯ ಕೆಲಸ. ಸ್ವಲ್ಪ ಅನುಭವವಿರುವವರು ಗಂಟೆಗೆ 30–40 ಕಿ.ಮೀ. ವೇಗದಲ್ಲಿ ಇಳಿಯುತ್ತಾರೆ, ರಬ್ಬರ್‌ ಬ್ಯಾಂಡಿನ ಕೆಳಗೆ ಉಳಿದ ಗೇಣುದ್ದದ ಬಿಚ್ಚುಕೂದಲು ಅಷ್ಟು ಗಾಳಿಯಲ್ಲಿ ಬಡಿದುಕೊಳ್ಳುತ್ತದೆ. ಬ್ಯಾಂಡನ್ನು ಇನ್ನಷ್ಟು ಕೆಳಗಿಳಿಸಿ ಎರಡು ಬೆರಳಿನಷ್ಟು ತುದಿ ಮಾತ್ರ ಉಳಿಸಿ, ಜಡೆಯ ಮಧ್ಯದಲ್ಲಿ ಇನ್ನೊಂದೆರಡು ಕಡೆ ಬಟ್ಟೆ ಸುತ್ತಿದ ಬ್ಯಾಂಡ್‌ ಹಾಕಿದರೆ ಇದು ನಿಲ್ಲುತ್ತದೆ. ಬರಿಯ ರಬ್ಬರ್‌ ಬ್ಯಾಂಡ್‌ ಬೇಡ. ಚಳಿಯಲ್ಲಿ ಅದು ಬಿರುಸಾಗಿ ತುಂಡಾಗುತ್ತದೆ, ತೆಗೆಯುವಾಗ ಕೂದಲನ್ನೂ ಕಿತ್ತುಕೊಂಡು ಬರುತ್ತದೆ. ಲೋಹದ ಪಟ್ಟಿಯಿರುವ ಬ್ಯಾಂಡೂ ಬೇಡ.

ತುದಿ ಹೀಗೆ ಬಿಗಿದ ಮೇಲೂ ಪೊರಕೆಯಾದರೆ ಒಂದು ಎಳೆಯನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ತುದಿ ಎರಡಾಗಿ ಸೀಳಿದ್ದರೆ ಯಾವ ಜಡೆಯೂ ಅದನ್ನು ಸರಿಪಡಿಸದು. ಸೀಳಿದ ತುದಿಗೆ ಮದ್ದಿಲ್ಲ, ಕತ್ತರಿಸಬೇಕಷ್ಟೆ. ಪ್ರವಾಸಕ್ಕೆ ವಾರ ಮೊದಲು ಅರ್ಧ ಇಂಚು ಕತ್ತರಿಸಿಕೊಂಡರೆ ಉಳಿದ ಉದ್ದ ಉಳಿಯುತ್ತದೆ.

ಹಿಮದ ಹರಳು ಕಟ್ಟಿದ್ದರೆ ಅದನ್ನು ಬೆರಳಿನಿಂದ ಒಡೆಯಬಾರದು, ಜಡೆಯನ್ನು ಕೊಡವಲೂ ಬಾರದು. ಗಟ್ಟಿಯಾದ ಎಳೆಗಳು ಹರಳಿನ ಜೊತೆಗೇ ತುಂಡಾಗುತ್ತವೆ. ಜಡೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡರೆ ಅಥವಾ ಒಳಗೆ ಕೂತು ಕಾಯ್ದರೆ ತಾನೇ ಕರಗುತ್ತದೆ, ಬಳಿಕ ಹತ್ತಿಯ ಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು. ಗುಲ್ಮಾರ್ಗ್‌ನ ಕೆಲವು ವಸತಿಗೃಹಗಳಲ್ಲಿ, ಚಹಾ ಅಂಗಡಿಗಳಲ್ಲಿ ಕಟ್ಟಿಗೆ ಉರಿಯುವ ಬುಖಾರಿ ಒಲೆಗಳಿವೆ. ಅದರ ಮೇಲೆ ಬಗ್ಗಿ ಕೂದಲು ಒಣಗಿಸುವ ಆಸೆ ಸಹಜ, ಆದರೆ ಒಲೆಯ ಲೋಹ ತಾಗಿದರೆ ಕೂದಲು ಸುಟ್ಟುಹೋಗುತ್ತದೆ, ನೈಲಾನ್‌ ಜಾಕೆಟ್‌ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯಿಂದ ಕೈಚಾಚಿದರೂ ಮುಟ್ಟದಷ್ಟು ದೂರ ಕೂರಬೇಕು. ಕಾಶ್ಮೀರಿಗಳು ಮೈ ಬೆಚ್ಚಗಿಡಲು ಇಟ್ಟುಕೊಳ್ಳುವ ಕೆಂಡದ ಮಡಕೆಯಾದ ಕಾಂಗ್ಡಿಯ ವಿಷಯದಲ್ಲೂ ಇದೇ ಎಚ್ಚರ ಬೇಕು.

ಲಕ್ಷಣ: ಕೂದಲು ಬಿರುಸಾಗಿದೆ, ಎಣ್ಣೆ ಹಚ್ಚಿದ್ದರೂ ಎಳೆಗಳು ಅಂಟಂಟಾಗಿ ಬೇರೆಯಾಗುತ್ತಿಲ್ಲ

ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುವ ಗುಣವುಳ್ಳ ಎಣ್ಣೆ. ತೊಳೆಯುವಾಗ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಅದು ಕಡಿಮೆ ಮಾಡುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟಲು ಶುರುವಾಗುತ್ತದೆ. ಜನವರಿಯ ಗುಲ್ಮಾರ್ಗ್‌ನಲ್ಲಿ ಹಗಲಿನಲ್ಲೂ ತಾಪಮಾನ ಶೂನ್ಯದ ಆಸುಪಾಸಿನಲ್ಲಿರುವಾಗ, ಬುಡದಲ್ಲಿ ಮೈಯ ಬಿಸಿಗೆ ತೆಳುವಾಗಿಯೇ ಉಳಿದ ಎಣ್ಣೆ ಹೊರಗೆ ತೂಗುವ ಜಡೆಯಲ್ಲಿ ಗಟ್ಟಿಯಾಗಿ ಎಳೆಗಳನ್ನು ಕಚ್ಚಿಸುತ್ತದೆ, ಜುಂಗನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ತಲೆತುಂಬ ಎಣ್ಣೆ ಹಚ್ಚುವುದು ಹಿಮದಲ್ಲಿ ಉಪಯೋಗಕ್ಕೆ ಬಾರದು.

ಎಣ್ಣೆಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಹೊರಡುವ ಹಿಂದಿನ ದಿನ ಊರಿನಲ್ಲಿ ಎಣ್ಣೆ ಹಚ್ಚಿ, ಕೆಲವು ಗಂಟೆ ಬಿಟ್ಟು, ಮೃದುವಾದ ಶಾಂಪೂವಿನಿಂದ ತೊಳೆದು ಕಂಡಿಷನರ್‌ ಹಾಕಿದರೆ ಅದರ ಪ್ರಯೋಜನ ಉಳಿಯುತ್ತದೆ, ಅಂಟು ಹೋಗುತ್ತದೆ. ಸೀಗೆಪುಡಿಯಿಂದ ತೊಳೆಯುವವರು ಪುಡಿಯ ಕಣಗಳೆಲ್ಲ ಹೋಗುವಷ್ಟು ನೀರು ಹಾಕಬೇಕು. ಉಳಿದ ಕಣಗಳೇ ಉಜ್ಜಾಟಕ್ಕೆ ಕಾರಣವಾಗುತ್ತವೆ. ಹಿಮದ ಊರಿನಲ್ಲಿ ಬೇಕೆನಿಸಿದರೆ ಚಳಿಯಲ್ಲೂ ಹರಿಯುವ ಬಾದಾಮಿ ಎಣ್ಣೆಯ ಎರಡು ಹನಿಯನ್ನು ಅಂಗೈಗೆ ತಿಕ್ಕಿಕೊಂಡು ತುದಿಗೆ ಮಾತ್ರ ಸವರಬಹುದು.

ಕಿವಿಯ ಮುಂದಿನ ಕೂದಲು ಮಾತ್ರ ಅಂಟಾಗಿದ್ದರೆ ಎಣ್ಣೆ ಕಾರಣವಲ್ಲ, ಮುಖಕ್ಕೆ ಹಚ್ಚಿದ ಸನ್‌ಸ್ಕ್ರೀನ್‌ ಕಾರಣ. ಸನ್‌ಸ್ಕ್ರೀನ್‌ ಬಿಡಬೇಡಿ, ಹಿಮದ ಮೇಲೆ ಬಿಸಿಲು ಮೇಲಿನಿಂದಲೂ ಕೆಳಗಿನಿಂದಲೂ ಹೊಡೆಯುತ್ತದೆ. ಮೊದಲು ಕೂದಲು ಕಟ್ಟಿ, ಆಮೇಲೆ ಹಚ್ಚಿ, ಆರಲು ಬಿಟ್ಟು ಹೆಲ್ಮೆಟ್‌ ಹಾಕಿ.

ಲಕ್ಷಣ: ಹೆಲ್ಮೆಟ್‌ ತೆಗೆದೊಡನೆ ಕೂದಲು ಮೇಲೆದ್ದು ನಿಲ್ಲುತ್ತದೆ, ಚಟಚಟ ಸದ್ದಾಗುತ್ತದೆ

ಇದು ಸ್ಥಿರ ವಿದ್ಯುತ್ತು. ತಣ್ಣನೆಯ ಗಾಳಿಯಲ್ಲಿ ನೀರಾವಿ ಬಹಳ ಕಡಿಮೆ. ಅದೇ ಗಾಳಿಯನ್ನು ಕೋಣೆಯೊಳಗೆ ಹೀಟರಿನಿಂದ ಬಿಸಿ ಮಾಡಿದರೆ ಅದು ಇನ್ನಷ್ಟು ಒಣಗಾಳಿಯಾಗುತ್ತದೆ. ಒಣ ಕೂದಲು ಪಾಲಿಯೆಸ್ಟರ್‌ ಫ್ಲೀಸಿಗೆ ಉಜ್ಜಿದಾಗ ಕೂದಲಿನಲ್ಲಿ ವಿದ್ಯುದಂಶ ಉಳಿದು ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಇದರಿಂದ ಅಪಾಯವೇನೂ ಇಲ್ಲ, ಆದರೆ ಹೀಗೆ ಚೆದುರಿದ ಸಣ್ಣ ಎಳೆಗಳೇ ಮುಂದಿನ ಗಂಟಿನ ಮೊದಲ ಸುತ್ತು. ಅಂಗೈಯನ್ನು ಸ್ವಲ್ಪ ಒದ್ದೆ ಮಾಡಿ ಮೇಲಿನಿಂದ ಸವರಿದರೆ ಆ ಹೊತ್ತಿಗೆ ಸಾಕು. ಪ್ಲಾಸ್ಟಿಕ್‌ ಬಾಚಣಿಗೆಯ ಬದಲು ಮರದ ಬಾಚಣಿಗೆ, ತಲೆ ತೊಳೆದಾಗ ಕಂಡಿಷನರ್‌, ಹೆಲ್ಮೆಟ್ಟಿನ ಅಡಿ ತೆಳು ಹತ್ತಿ ಅಥವಾ ರೇಷ್ಮೆಯ ಟೊಪ್ಪಿ ಇವು ಮುಂದಿನ ಹೆಜ್ಜೆಗಳು.

ಲಕ್ಷಣ: ನೆತ್ತಿಯ ಮೇಲೆ ಸಿಕ್ಕು, ಜೊತೆಗೆ ಹೆಲ್ಮೆಟ್‌ ಅಲುಗಾಡುತ್ತದೆ

ಇಲ್ಲಿ ಕೂದಲಿಗಿಂತ ಹೆಲ್ಮೆಟ್‌ ಮುಖ್ಯ. ನೆತ್ತಿಯಲ್ಲಿ ಸಿಕ್ಕಾಗಬೇಕಾದರೆ ಹೆಲ್ಮೆಟ್‌ ತಲೆಯ ಮೇಲೆ ಜಾರಾಡುತ್ತಿರಬೇಕು, ಹಾಗೆ ಜಾರಾಡುವ ಹೆಲ್ಮೆಟ್‌ ಬಿದ್ದಾಗ ತಲೆಯನ್ನು ಕಾಯುವುದಿಲ್ಲ. ಗಲ್ಲದ ಪಟ್ಟಿ ಹಾಕದೆಯೇ ತಲೆಯನ್ನು ಆಚೀಚೆ ಅಲ್ಲಾಡಿಸಿ ನೋಡಿ. ಹೆಲ್ಮೆಟ್ಟಿನ ಜೊತೆಗೆ ಹಣೆಯ ಚರ್ಮವೂ ಸರಿದರೆ ಅಳತೆ ಸರಿಯಿದೆ. ಹೆಲ್ಮೆಟ್‌ ಮಾತ್ರ ಸರಿದರೆ ಅದು ದೊಡ್ಡದು. ಮುಂದಿನ ಅಂಚು ಹುಬ್ಬಿನಿಂದ ಒಂದೆರಡು ಬೆರಳು ಮೇಲಿರಬೇಕು, ಹಣೆಯ ಮೇಲೆ ಗಾಗಲ್ಸಿಗೂ ಹೆಲ್ಮೆಟ್ಟಿಗೂ ನಡುವೆ ಸಂದು ಕಾಣಬಾರದು.

ಹೆಲ್ಮೆಟ್ಟಿನ ಅಡಿಯಲ್ಲಿ ತುರುಬು ಕಟ್ಟುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ತುರುಬು ಹೆಲ್ಮೆಟ್ಟನ್ನು ಮೇಲಕ್ಕೆತ್ತಿ ಮುಂದಕ್ಕೆ ವಾಲಿಸುತ್ತದೆ. ಜನರು ಅದಕ್ಕೆ ಸರಿಹೊಂದಲೆಂದು ದೊಡ್ಡ ಅಳತೆಯದನ್ನು ತೆಗೆದುಕೊಳ್ಳುತ್ತಾರೆ, ಅಲ್ಲಿಂದ ಜಾರಾಟ ಶುರುವಾಗುತ್ತದೆ. ಕ್ಲಿಪ್ಪು, ಹೇರ್‌ಪಿನ್‌ಗಳೂ ಬೇಡ, ಪೆಟ್ಟು ಬಿದ್ದಾಗ ಅವು ನೆತ್ತಿಗೆ ಚುಚ್ಚುತ್ತವೆ. ಬಾಡಿಗೆಗೆ ಹೆಲ್ಮೆಟ್‌ ಪಡೆಯುವಾಗ ಜಡೆ ಹಾಕಿಕೊಂಡೇ ಹೋಗಿ, ಒಳಟೊಪ್ಪಿ ಹಾಕುವುದಾದರೆ ಅದನ್ನೂ ಹಾಕಿಕೊಂಡೇ ಅಳತೆ ನೋಡಿ. ಒಳಗೆ ಯುರೋಪಿನ ಇಎನ್‌ 1077 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್‌2040 ಎಂಬ ಮಾನಕದ ಗುರುತು ಇರುವುದನ್ನು ಖಚಿತಪಡಿಸಿಕೊಳ್ಳಿ. ಬೈಕಿನ ಹೆಲ್ಮೆಟ್‌ ಇದಕ್ಕೆ ಬದಲಿಯಲ್ಲ.

ಹಿಂಬದಿಯಲ್ಲಿ ಅಳತೆ ಬಿಗಿಗೊಳಿಸುವ ತಿರುಗುಬಿಲ್ಲೆ ಇರುವ ಹೆಲ್ಮೆಟ್ಟುಗಳಲ್ಲಿ ಆ ಬಿಲ್ಲೆಯ ಹಲ್ಲಿಗೆ ಕೂದಲು ಸಿಲುಕುವುದುಂಟು. ಆಗ ಹೆಲ್ಮೆಟ್ಟನ್ನು ಎಳೆಯದೆ ಬಿಲ್ಲೆಯನ್ನು ಪೂರ್ತಿ ಸಡಿಲಿಸಿ, ಕೂದಲನ್ನು ಬುಡದ ಕಡೆಗೆ ತಳ್ಳಿ ಬಿಡಿಸಬೇಕು. ಗಾಗಲ್ಸನ್ನು ಹೆಲ್ಮೆಟ್ಟಿನ ಹೊರಗೆ ಧರಿಸಿದರೆ ಅದರ ಪಟ್ಟಿಗೆ ಸಿಲುಕುವ ತೊಂದರೆಯೇ ಇಲ್ಲ.

ಬಾಡಿಗೆ ಹೆಲ್ಮೆಟ್‌ ಬಳಸಿದ ಮೇಲೆ ನೆತ್ತಿ ತುರಿಸುತ್ತಿದ್ದರೆ ಸಾಮಾನ್ಯವಾಗಿ ಒಣಚರ್ಮ, ಬೆವರು ಕಾರಣ. ಆದರೂ ಊರಿಗೆ ಮರಳಿದ ಮೇಲೆ ಕಿವಿಯ ಹಿಂದೆ ಹೇನು, ಸೀರು ಇವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಹೇನಿನ ಭಯಕ್ಕೆ ಹೆಲ್ಮೆಟ್ಟನ್ನೇ ಬಿಡಬಾರದು.

ಲಕ್ಷಣ: ಜಿಪ್ಪು, ವೆಲ್ಕ್ರೋ ಅಥವಾ ಗಲ್ಲದ ಬಕಲಿಗೆ ಕೂದಲು ಸಿಲುಕಿದೆ

ಇಳಿಜಾರಿನ ನಡುವೆ ನಿಲ್ಲಬೇಡಿ. ಮೇಲಿನಿಂದ ಬರುವವರಿಗೆ ಕಾಣುವಂತೆ ಅಂಚಿಗೆ ಸರಿದು ನಿಂತುಕೊಳ್ಳಿ. ಕೈಗವಸಿನ ವೆಲ್ಕ್ರೋ ಪಟ್ಟಿಯೇ ಇನ್ನಷ್ಟು ಕೂದಲನ್ನು ಹಿಡಿಯುವುದರಿಂದ ಮೊದಲು ಅದನ್ನು ತೆಗೆಯಿರಿ. ಜಿಪ್ಪನ್ನು ಮೇಲೆಳೆಯುವಾಗ ಸಿಲುಕಿದ್ದರೆ ಬಂದ ದಾರಿಯಲ್ಲೇ ಒಂದೊಂದೇ ಹಲ್ಲು ಕೆಳಗಿಳಿಸಬೇಕು. ಬರಿಗೈ ಮರಗಟ್ಟುವ ಹೊತ್ತಿಗೂ ಬಿಡದಿದ್ದರೆ ಕೈಗವಸು ಹಾಕಿಕೊಂಡು ನಿಧಾನವಾಗಿ ಕೆಳಗೆ ಬಂದು ಒಳಗೆ ಕೂತು ಬಿಡಿಸುವುದೇ ಸರಿ. ಮೊಂಡು ತುದಿಯ ಸಣ್ಣ ಕತ್ತರಿಯಿಂದ ಹತ್ತಾರು ಎಳೆ ಕತ್ತರಿಸುವುದು ಕಡೆಯ ದಾರಿ; ಕುತ್ತಿಗೆಯ ಬಳಿ ಚಾಕು ಬಳಸಲೇಬಾರದು.

ಲಕ್ಷಣ: ಜಡೆ ಹಾಕಿದ ದಿನವೆಲ್ಲ ತಲೆನೋವು

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಬಿಗಿ ಜಡೆಯ ನೋವೂ ಎತ್ತರದ ಜಾಗದ ಕಾಯಿಲೆಯೂ ಮೊದಲಿಗೆ ಒಂದೇ ರೀತಿ ಕಾಣುತ್ತವೆ. ಗುಲ್ಮಾರ್ಗ್‌ ಸುಮಾರು 2,650 ಮೀಟರ್‌ ಎತ್ತರದಲ್ಲಿದೆ. ಅಲ್ಲಿನ ಗೊಂಡೋಲಾದ (ಕೇಬಲ್‌ ಕಾರಿನ) ಎರಡನೆಯ ಹಂತ ಅಫರ್ವಾತ್‌ ಬೆಟ್ಟದಲ್ಲಿ ಸುಮಾರು 3,950 ಮೀಟರ್‌ ಎತ್ತರಕ್ಕೆ ಒಯ್ಯುತ್ತದೆ. ಸುಮಾರು 900 ಮೀಟರ್‌ ಎತ್ತರದ ಬೆಂಗಳೂರಿನಿಂದ ಒಂದೆರಡು ದಿನದಲ್ಲಿ ಅಲ್ಲಿಗೆ ಮುಟ್ಟುವವರಿಗೆ ತಲೆನೋವು ಬರುವುದು ಆಶ್ಚರ್ಯವಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್‌ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ.

ಒಳಗೆ ಕೂತು ಹೆಲ್ಮೆಟ್‌, ಗಾಗಲ್ಸ್‌ ತೆಗೆದು ಜಡೆ ಸಡಿಲಿಸಿ, ನೀರು ಕುಡಿದು ಅರ್ಧ ಗಂಟೆ ಕಾಯಿರಿ. ಬೈತಲೆಯ ಸಾಲಿನಲ್ಲಿ, ಕೂದಲಿನ ಬುಡದಲ್ಲಿ ಮುಟ್ಟಿದರೆ ನೋಯುತ್ತಿದ್ದು ಸಡಿಲಿಸಿದ ಮೇಲೆ ಇಳಿದರೆ ಅದು ಜಡೆಯ ಬಿಗಿತ. ಹಣೆಯ ಅಡ್ಡಕ್ಕೆ ಗೆರೆ ಮೂಡಿ ಅಲ್ಲೇ ನೋಯುತ್ತಿದ್ದರೆ ಹೆಲ್ಮೆಟ್‌ ಚಿಕ್ಕದು. ಸಡಿಲಿಸಿದ ಮೇಲೂ ನೋವು ಹಾಗೆಯೇ ಇದ್ದು ಓಕರಿಕೆ, ತಲೆಸುತ್ತು, ವಿಪರೀತ ಸುಸ್ತು ಸೇರಿಕೊಂಡರೆ ಎತ್ತರವೇ ಕಾರಣವೆಂದು ತಿಳಿದು ಮೇಲೆ ಹೋಗುವುದನ್ನು ನಿಲ್ಲಿಸಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು, ನಡೆಯುವಾಗ ತೂರಾಟ, ಗೊಂದಲದ ಮಾತು ಕಂಡರೆ ಕಾಯದೆ ತಕ್ಷಣ ಕೆಳಗಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಬಿದ್ದು ತಲೆಗೆ ಪೆಟ್ಟಾದ ಮೇಲೆ ಬಂದ ತಲೆನೋವಾದರೆ ಕೂದಲಿನ ವಿಚಾರವನ್ನು ಅಲ್ಲಿಗೇ ಬಿಡಿ. ಅಂದಿನ ಸ್ಕೀಯಿಂಗ್‌ ಮುಗಿಯಿತು. ವಾಂತಿ, ಮಂಪರು, ಮರೆವು, ಕಣ್ಣು ಮಂಜಾಗುವುದು, ಕತ್ತು ನೋವು ಇವುಗಳಲ್ಲಿ ಯಾವುದಿದ್ದರೂ ಪೆಟ್ಟಾದವರನ್ನು ಅಲುಗಿಸದೆ, ಹೆಲ್ಮೆಟ್‌ ಕೀಳಲು ಹೋಗದೆ, ಸ್ಕೀ ಪ್ಯಾಟ್ರೋಲ್‌ (ಇಳಿಜಾರಿನ ರಕ್ಷಣಾ) ಸಿಬ್ಬಂದಿಯನ್ನು ಕರೆಯಬೇಕು. ಭಾರತದಲ್ಲಿ ತುರ್ತು ಸಂಖ್ಯೆ 112. ಪೆಟ್ಟು ತಿಂದ ಹೆಲ್ಮೆಟ್‌ ಹೊರಗೆ ಸರಿಯಾಗಿ ಕಂಡರೂ ಮತ್ತೆ ಬಳಸಬಾರದು.

ಗಂಟು ಬಿದ್ದೇ ಬಿಟ್ಟಿದ್ದರೆ

ಒದ್ದೆ ಕೂದಲನ್ನು ಬಾಚಬೇಡಿ; ಕೋಣೆಯ ಬಿಸಿಯಲ್ಲಿ ಬಹುಪಾಲು ಒಣಗಲಿ. ಗುಂಗುರು ಕೂದಲಿನವರಿಗೆ ಮಾತ್ರ ಇದು ತಿರುಗುಮುರುಗು: ಅವರು ತುಸು ತೇವವಿರುವಾಗಲೇ ಕಂಡಿಷನರ್‌ ಹಚ್ಚಿ ಬಿಡಿಸಿದರೆ ಕೂದಲು ಕಡಿಮೆ ಮುರಿಯುತ್ತದೆ. ಮೊದಲು ಗಂಟಿನ ಮೇಲೆ ಕಂಡಿಷನರ್‌ ಅಥವಾ ಅಂಗೈಯಲ್ಲಿ ಬೆಚ್ಚಗೆ ಮಾಡಿದ ಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಎಡಗೈಯಿಂದ ಗಂಟಿಗೂ ಬುಡಕ್ಕೂ ನಡುವಿನ ಕೂದಲನ್ನು ಗಟ್ಟಿಯಾಗಿ ಹಿಡಿದರೆ ನೆತ್ತಿ ಎಳೆಯುವುದಿಲ್ಲ. ಬಲಗೈ ಬೆರಳಿನಿಂದ ಗಂಟಿನ ಕೆಳ ಅಂಚಿನ ನಾಲ್ಕಾರು ಎಳೆಗಳನ್ನು ಬೇರ್ಪಡಿಸಿ, ಅವು ಬಿಟ್ಟ ಮೇಲೆ ಅದರ ಮೇಲಿನವು, ಹೀಗೆ ತುದಿಯಿಂದ ಬುಡದತ್ತ ಸಾಗಬೇಕು. ಅಗಲ ಹಲ್ಲಿನ ಬಾಚಣಿಗೆ ಬರುವುದು ಬೆರಳು ಸರಾಗವಾಗಿ ಹಾದುಹೋದ ಮೇಲೆ.

ಬಿಡಿಸಿದಾಗ ಕೈಗೆ ಬಂದ ಕೂದಲನ್ನು ನೋಡಿ ಹೆದರಬೇಡಿ, ಆದರೆ ನೋಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಬುಡವಿದ್ದರೆ ಅದು ಸಹಜವಾಗಿ ಉದುರಿದ್ದು. ಬುಡವಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಕೂದಲು ಮುರಿಯುತ್ತಿದೆ, ಅಂದರೆ ಉಜ್ಜಾಟ ಅಥವಾ ಬಾಚುವ ಅವಸರ ಇನ್ನೂ ಉಳಿದಿದೆ.

ಗಂಟು ಅಂಗೈಯಷ್ಟು ಅಗಲಕ್ಕೆ ಜಟೆಗಟ್ಟಿದ್ದರೆ, ಒಂದು ಗಂಟೆ ಪ್ರಯತ್ನಿಸಿದರೂ ಅಂಚು ಸಡಿಲವಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಸಡಿಲವಾಗಿ ಕಟ್ಟಿಕೊಂಡು ಮಲಗಿ, ಮರುದಿನ ಇನ್ನೊಬ್ಬರ ಕೈಯಲ್ಲಿ ಅಥವಾ ಅನುಭವವಿರುವ ಪಾರ್ಲರಿನಲ್ಲಿ ಬಿಡಿಸಿಕೊಳ್ಳಿ. ಕತ್ತಿನ ಹಿಂದಿನ ಗಂಟನ್ನು ತಾವೇ ಕಾಣದೆ ಎಳೆದಾಡುವುದರಿಂದಲೇ ಹೆಚ್ಚು ಕೂದಲು ಹೋಗುತ್ತದೆ. ನೆತ್ತಿಯಲ್ಲಿ ಕೀವಿನ ಗುಳ್ಳೆ, ಹಣೆಯಂಚಿನಲ್ಲಿ ಕೂದಲು ತೆಳುವಾಗುತ್ತ ಹಿಂದೆ ಸರಿಯುವುದು, ಜಡೆ ಬಿಚ್ಚಿ ದಿನಗಳಾದರೂ ಬುಡ ನೋಯುವುದು, ನಾಣ್ಯದಷ್ಟು ಜಾಗ ಬೋಳಾಗುವುದು ಇವು ಕಂಡರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಬಿಗಿತದಿಂದ ಆಗುವ ಕೂದಲುದುರುವಿಕೆಯನ್ನು ಮೊದಲ ಹಂತದಲ್ಲೇ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬುಡವೇ ಸತ್ತು ಬರದೆಯೂ ಹೋಗಬಹುದು.